ಮನೆಯೇ ಕಾರ್ಖಾನೆಯಾದಾಗ



ಮನೆಯಲ್ಲೇ ಕುಳಿತು ದುಡಿಯುವವಳಿಗೆ ಸಂಘ ಏಕೆ ಎಂದು ಕೇಳುವವರಿದ್ದಾರೆ. ಅವಳಿಗೆ ಕಾರ್ಖಾನೆಯ ಗೇಟಿಲ್ಲ, ಊಟದ ಬಿಡುವಿನಲ್ಲಿ ಕಷ್ಟ ಹೇಳಿಕೊಳ್ಳಲು ಜೊತೆಗಾರ್ತಿಯರಿಲ್ಲ. ಅದಕ್ಕೇ ಬೇಕು.

1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ, ಮಾಲೀಕನೇ ಇಲ್ಲದೆ ಯಾರ ವಿರುದ್ಧ ಹೋರಾಟ ಎಂಬ ಆಕ್ಷೇಪ ಬಂತು. ಸಂಘವೆಂದರೆ ವಿರೋಧವಷ್ಟೇ ಅಲ್ಲ, ದುಡಿಯುವವರು ಒಂದಾಗುವುದು ಎಂದು ಅವರು ವಾದಿಸಿ ಗೆದ್ದರು. ಮನೆಯಲ್ಲಿ ಕೂಲಿಗೆ ದುಡಿಯುವವರಿಗೂ ಸಂಘಟಿತರಾಗುವ ಹಕ್ಕಿದೆಯೆಂದು 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 177ನೇ ಒಡಂಬಡಿಕೆ ಸಾರಿತು. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ.

ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ತಮ್ಮ ಮದುವೆಯ ಚಿನ್ನವನ್ನು ತಾವೇ ಕೂಡಿಸಿದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಆದರೆ ಬೀಡಿಯ ಲೆಕ್ಕದ ಪುಸ್ತಕ ಯಾರ ಹೆಸರಿನಲ್ಲಿದೆ? ಅತ್ತೆಯ ಹೆಸರಿನಲ್ಲಿದ್ದರೆ ಸೊಸೆಗೆ ಭವಿಷ್ಯನಿಧಿಯೂ ಇಲ್ಲ. ಹೊಡೆತ ತಾಳಲಾರದೆ ಅವಳು ಹೊರನಡೆದ ದಿನ, ಅಷ್ಟು ವರ್ಷಗಳ ದುಡಿಮೆಗೆ ಸಾಕ್ಷಿಯೇ ಇರುವುದಿಲ್ಲ.

2020ರ ಲಾಕ್‌ಡೌನಿನಲ್ಲಿ ಕಂಪ್ಯೂಟರ್ ಕೆಲಸವೂ ಮನೆಗೆ ಬಂತು. ಅದೇ ದಿನಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ಹಿಂಸೆಯ ದೂರುಗಳು ಹೆಚ್ಚಿದವು. ಹೊಡೆಯುವವನು ಪಕ್ಕದಲ್ಲೇ ಕುಳಿತಿರುವಾಗ ಅವಳು ಫೋನಿನಲ್ಲಿ ಏನು ತಾನೇ ಹೇಳಿಯಾಳು?

ಆದ್ದರಿಂದ ಸಂಘ ಕಟ್ಟುವವರಲ್ಲಿ ನನ್ನದು ಎರಡೇ ಕೋರಿಕೆ. ಲೆಕ್ಕದ ಪುಸ್ತಕವಾಗಲಿ, ಸಂಬಳದ ಖಾತೆಯಾಗಲಿ ಅವಳ ಹೆಸರಿನಲ್ಲೇ ಇರಲಿ. ಸಭೆ ಅವಳ ಮನೆಯ ಹೊರಗೆ ನಡೆಯಲಿ. ಕೂಲಿಯ ಮಾತಿಗೆಂದು ಬಂದವಳು ಬೆನ್ನ ಮೇಲಿನ ಬಾಸುಂಡೆಯ ಮಾತನ್ನೂ ಅಲ್ಲಿ ಆಡಬಲ್ಲಳು.