ಟೊಮೇಟೊ ಹುಟ್ಟಿದ ಖಂಡ
(ಮುಳಬಾಗಿಲಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಟೊಮೇಟೊ ಕೀಳುವ ಕಾಲ ಬಂತೆಂದರೆ ನಮ್ಮ ಕಡೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಆಳು ಸಿಗಲ್ಲ, ಹಣ್ಣು ಕಾಯಲ್ಲ. "ಎರಡು ದಿನ ಶಾಲೆಗೆ ಹೋಗ್ಬೇಡ" ಅಂತ ಮಗಳನ್ನು ನಿಲ್ಲಿಸುತ್ತೇವೆ. ಆ ಎರಡು ದಿನದ ಪಾಠ ತಪ್ಪಿಹೋಗುತ್ತದೆ. ಆಮೇಲೆ ಪುಸ್ತಕ ತೆರೆದರೆ ಪದಗಳೇ ಅರ್ಥವಾಗುವುದಿಲ್ಲ. ಪರೀಕ್ಷೆಯ ಭಯ ಹತ್ತುತ್ತದೆ. ಕೊನೆಗೊಂದು ದಿನ ಅವಳೇ "ನಾನು ಹೋಗಲ್ಲಮ್ಮ" ಅನ್ನುತ್ತಾಳೆ.

ನಮ್ಮಲ್ಲಿ ಇನ್ನೊಂದು ಕಷ್ಟವಿದೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಪಾಠ ಕನ್ನಡ. ಮನೆಯಲ್ಲಿ ಕೊಂಡ, ಚೆರುವು. ಪುಸ್ತಕದಲ್ಲಿ ಪರ್ವತ, ಸರೋವರ. ಅದರಲ್ಲೂ ಅಮೆರಿಕ ಖಂಡಗಳ ಪಾಠ ಬಂದರೆ ಭೂಸಂಧಿ, ಪರ್ವತ ಶ್ರೇಣಿ, ಹುಲ್ಲುಗಾವಲು ಅಂತ ಹೊಸ ಹೊಸ ಪದಗಳು. "ನನಗೆ ಓದು ಬರಲ್ಲ, ನಾನೇನು ಹೇಳಿಕೊಡಲಿ?" ಅಂತ ಕೇಳ್ತೀರಿ. ಅದಕ್ಕೇ ಈ ಕಾರ್ಡ್ ಆಟ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಇಪ್ಪತ್ತು ಚೀಟಿ ಮಾಡಿ. ಹತ್ತರಲ್ಲಿ ಮಗು ಪದ ಬರೆಯಲಿ. ಉಳಿದ ಹತ್ತರಲ್ಲಿ ಅದರ ಚಿತ್ರ ಬಿಡಿಸಲಿ. ಎಲ್ಲವನ್ನೂ ಬೋರಲು ಹಾಕಿ. ಒಬ್ಬೊಬ್ಬರು ಎರಡೆರಡು ಚೀಟಿ ತಿರುಗಿಸಬೇಕು. ಪದವನ್ನು ಮಗು ಓದಿ ಹೇಳಲಿ. ಪದ, ಚಿತ್ರ ಜೋಡಿಯಾದರೆ ಅದರ ಬಗ್ಗೆ ಒಂದು ಮಾತು ಹೇಳಬೇಕು. ಹೇಳಿದರೆ ಜೋಡಿ ನಿಮ್ಮದು, ಇಲ್ಲದಿದ್ದರೆ ಮತ್ತೆ ಬೋರಲು.

ಹೇಳುವುದಕ್ಕೆ ಬೇಕಾದಷ್ಟಿದೆ. ಭೂಸಂಧಿ ಅಂದರೆ ಎರಡು ಕೆರೆಗಳ ನಡುವೆ ಉಳಿದ ಸಣ್ಣ ದಾರಿ ಇದ್ದ ಹಾಗೆ. ಎರಡು ಕಡೆ ನೀರು, ನಡುವೆ ನೆಲ. ಉತ್ತರ ಅಮೆರಿಕವನ್ನೂ ದಕ್ಷಿಣ ಅಮೆರಿಕವನ್ನೂ ಸೇರಿಸುವುದು ಪನಾಮಾ ಭೂಸಂಧಿ. ಅದನ್ನು ಅಗೆದು ಮಾಡಿದ ಕಾಲುವೆಯಲ್ಲಿ 1914ರಿಂದ ಹಡಗುಗಳು ಓಡಾಡುತ್ತಿವೆ. ಪರ್ವತ ಶ್ರೇಣಿ ಅಂದರೆ ಸಾಲು ಬೆಟ್ಟ. ದಕ್ಷಿಣ ಅಮೆರಿಕದ ಆಂಡೀಸ್ ಸಾಲು ಸುಮಾರು 7,000 ಕಿಲೋಮೀಟರ್ ಉದ್ದ. ಸರೋವರ? ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ ನಮ್ಮ ಕೋಲಾರದಂಥ ಇಪ್ಪತ್ತು ಜಿಲ್ಲೆ ಹಿಡಿಸುತ್ತವೆ!

ಇನ್ನು ನಮ್ಮ ಅಡುಗೆಮನೆ ನೋಡಿ. ನಮ್ಮ ಹೊಲದ ಟೊಮೇಟೊದ ಕಾಡು ತಳಿ ಹುಟ್ಟಿದ್ದು ಆಂಡೀಸ್ ಸೀಮೆಯಲ್ಲಿ. ಅದನ್ನು ಬೆಳೆದು ತಿಂದವರು ಮೆಕ್ಸಿಕೋ ಜನ. ಮೆಣಸಿನಕಾಯಿ, ಮುಸುಕಿನ ಜೋಳ ಮೆಕ್ಸಿಕೋ ಕಡೆಯವು. ಆಲೂಗಡ್ಡೆ, ಕಡಲೆಕಾಯಿ ದಕ್ಷಿಣ ಅಮೆರಿಕದವು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಇವೆಲ್ಲ ಹಡಗು ಹತ್ತಿದವು. ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮ ಸಾರಿಗೆ ಖಾರ ಅಂದರೆ ಕರಿಮೆಣಸೇ.

ಇವಕ್ಕೂ ಚೀಟಿ ಮಾಡಿ. ಜೊತೆಗೆ ಮೋಸದ ಚೀಟಿ ಒಂದಿರಲಿ: ರಾಗಿ. ಅದು ಅಮೆರಿಕದ್ದಲ್ಲ, ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಅದನ್ನು ಹಿಡಿದವರು ಒಂದು ಜೋಡಿ ಹಿಂದಕ್ಕೆ ಕೊಡಬೇಕು. ಮಕ್ಕಳು ನಕ್ಕು ನಕ್ಕು ಕಲಿಯುತ್ತಾರೆ.

ಅಕ್ಕಂದಿರೇ, ಸಂಘದಲ್ಲಿ ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದವರು ಆಮೇಲೆ ಸಹಿ ಕಲಿತಿಲ್ಲವೇ? ಈ ಆಟದಲ್ಲಿ ಅಮ್ಮನೂ ಹತ್ತು ಪದ ಓದುತ್ತಾಳೆ. ಅದಕ್ಕಿಂತ ಮುಖ್ಯ, ಶಾಲೆಯ ಮಾತು ಮನೆಯ ಮಾತಾಗುತ್ತದೆ. ಅಮ್ಮ ಪಕ್ಕದಲ್ಲಿ ಕೂತು ಆಡುವ ಮನೆಯಲ್ಲಿ "ನಾನು ಹೋಗಲ್ಲಮ್ಮ" ಅನ್ನುವ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ.

ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಒಂದು ಹಳೇ ಲಗ್ನಪತ್ರಿಕೆ ತನ್ನಿ, ಕತ್ತರಿ ನಾನು ತರುತ್ತೇನೆ. ಮತ್ತೆ ಈ ಸಲ ಟೊಮೇಟೊ ಕೀಳುವಾಗ ಮಗಳನ್ನು ಶಾಲೆಗೇ ಕಳಿಸೋಣ. ಬೇಕಾದರೆ ಸಂಘದವರೇ ಸರದಿಯ ಮೇಲೆ ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗೋಣ.

ದೇವರು ನಿಮ್ಮ ಮಕ್ಕಳನ್ನು ಹರಸಲಿ.