ಕಲಿಕೆಯ ಏಣಿಯಲ್ಲೇ ಮೌಲ್ಯಮಾಪನ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಪರೀಕ್ಷೆ ಬೇರೆ, ಪಾಠ ಬೇರೆ ಅಲ್ಲ. ಕಲಿಕಾ ಏಣಿಯಲ್ಲಿ ಹಾಡು, ಕಥೆ, ಅಭ್ಯಾಸಗಳ ಜೊತೆಗೇ ಮೌಲ್ಯಮಾಪನವೂ ಒಂದು ಮೆಟ್ಟಿಲು. ಅಕ್ಷರ ಕಲಿಕೆ ಇಲ್ಲಿ 'ರ, ಗ, ಸ, ದ, ಅ' ಅಕ್ಷರಗಳಿಂದ ಆರಂಭ. 'ಅಗಸ' ಎಂದು ಓದಲು ಮಗು ತಡವರಿಸಿತೆನ್ನಿ. ಟೀಚರ್ ಅಂಕ ಕಳೆಯುವುದಿಲ್ಲ, ಆ ಅಕ್ಷರಗಳನ್ನೇ ಮತ್ತೆ ಆಡಿಸುವ ಇನ್ನೊಂದು ಕಲಿಕಾ ಕಾರ್ಡ್ ಕೊಡುತ್ತಾರೆ. ಇಂದು ಗಮನಿಸಿದ್ದು ನಾಳಿನ ಪಾಠವಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೀಗೆ ಅಕ್ಷರ ಕಲಿಯುವ ವಯಸ್ಸೂ ಸೇರಿದ 3ರಿಂದ 8 ವರ್ಷವನ್ನು ಬುನಾದಿ ಹಂತವೆಂದು ಕರೆದಿದೆ. ಬುನಾದಿಯ ವಯಸ್ಸಿಗೆ ರ‍್ಯಾಂಕಿನ ಭಾರ ಸಲ್ಲದು. ಪೋಷಕರೇ, ಶಾಲೆಗೆ ಹೋದಾಗ 'ಎಷ್ಟು ಅಂಕ?' ಎನ್ನಬೇಡಿ, 'ನಮ್ಮ ಮಗುವಿಗೆ ಮುಂದೇನು ಕಲಿಸುತ್ತೀರಿ?' ಎಂದು ಕೇಳಿ.