ಹೆಸರಿನ ಕಾಲಂ ಮತ್ತು ಬೈಗುಳದ ಪಟ್ಟಿ



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡಿರುವುದು ಅರ್ಜಿ ಫಾರಂನ ಮೊದಲ ಕಾಲಂ ಅನ್ನು, ಅಂದರೆ ಹೆಸರು ಬರೆಯುವ ಜಾಗವನ್ನು. ಕಾಲೇಜು ಸೇರುವುದಕ್ಕೆ, ವಿದ್ಯಾರ್ಥಿವೇತನಕ್ಕೆ, ಕೆಲಸಕ್ಕೆ, ಎಲ್ಲಕ್ಕೂ ಈಗ ಆನ್‌ಲೈನ್ ಅರ್ಜಿ. ಅಲ್ಲಿ ಟೈಪು ಮಾಡಿದ ಹೆಸರನ್ನು ಕೆಲವು ಕಡೆ ಕಂಪ್ಯೂಟರು ಬೈಗುಳದ ಪಟ್ಟಿಯೊಂದರ ಜೊತೆ ತಾಳೆ ನೋಡುತ್ತದೆ. ಹೊಂದಿಕೆಯಾದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಅಶ್ಲೀಲವೆನಿಸಿಕೊಳ್ಳುತ್ತದೆ.

2020ರಲ್ಲಿ ಅಸ್ಸಾಮಿನ ಯುವತಿಯೊಬ್ಬರು ಕೇಂದ್ರ ಸರ್ಕಾರದ ರಾಷ್ಟ್ರೀಯ ಬೀಜ ನಿಗಮದ ಹುದ್ದೆಗೆ ಅರ್ಜಿ ಹಾಕಲು ಕೂತರು. ಅವರ ಕುಲನಾಮವನ್ನು ಆ ಪೋರ್ಟಲ್ಲು ಒಪ್ಪಲೇ ಇಲ್ಲ, ಸರಿಯಾದ ಹೆಸರು ಬರೆಯಿರಿ ಎಂದು ಸೂಚನೆ ಕೊಟ್ಟಿತು. ಆ ಕುಲನಾಮ ಒಂದು ಇಡೀ ಸಮುದಾಯದ್ದು. 16ನೇ ಶತಮಾನದ ಆರಂಭದಲ್ಲಿ ಅಹೋಮರು ಗೆಲ್ಲುವ ತನಕ ಸದಿಯಾ ಸೀಮೆಯನ್ನು ಆಳಿದವರ ಹೆಸರು ಅದು. ಅಸ್ಸಾಮಿಯಲ್ಲಿ ಚಕಾರವನ್ನು ಸಕಾರದಂತೆ ನುಡಿಯುತ್ತಾರೆ, ಹಾಗಾಗಿ ಅವರ ಬಾಯಲ್ಲಿ ಅದು ‘ಸುತಿಯಾ’. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮಾತ್ರ ಹಿಂದಿಯ ಒಂದು ಕೊಳಕು ಬೈಗುಳದ ಹಾಗೆ ಕಾಣುತ್ತದೆ. 2012ರಲ್ಲೇ ಫೇಸ್‌ಬುಕ್ ಇದೇ ಸಮುದಾಯದ ಅನೇಕರ ಖಾತೆಗಳನ್ನು ಮುಚ್ಚಿತ್ತು, ಅಲ್ಲಿನ ವಿದ್ಯಾರ್ಥಿ ಸಂಘಟನೆ ಪ್ರತಿಭಟಿಸಿತ್ತು. ಎಂಟು ವರ್ಷದ ಮೇಲೆ ನಮ್ಮದೇ ದೇಶದ, ನಮ್ಮದೇ ಸರ್ಕಾರದ ಪೋರ್ಟಲ್ಲು ಅದೇ ತಪ್ಪು ಮಾಡಿತು. ಕಂಪನಿ ಪರದೇಶದ್ದು, ಅದಕ್ಕೆ ಗೊತ್ತಾಗಲಿಲ್ಲ ಎಂಬ ಸಮಾಧಾನವೂ ಇಲ್ಲಿ ಉಳಿಯುವುದಿಲ್ಲ.

ಈ ತಪ್ಪು ಹಳೆಯದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸ್ಕಂತೋರ್ಪ್ ಎಂಬ ಉಕ್ಕಿನ ಕಾರ್ಖಾನೆಯ ಊರಿದೆ. 1996ರಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್‌ನೆಟ್ ಕಂಪನಿಯ ಖಾತೆ ತೆರೆಯಲು ಹೋದ ಆ ಊರಿನವರಿಗೆ ತಮ್ಮ ಊರಿನ ಹೆಸರನ್ನೇ ಬರೆಯಲಾಗಲಿಲ್ಲ. ಆ ಹೆಸರಿನ ಕಾಗುಣಿತದ ನಡುವೆ ನಾಲ್ಕಕ್ಷರದ ಬೈಗುಳವೊಂದು ಸಿಗುತ್ತದೆ. ಕಂಪ್ಯೂಟರು ಪದವನ್ನು ಇಡಿಯಾಗಿ ನೋಡದೆ, ಒಳಗಿನ ತುಂಡನ್ನು ಹಿಡಿದುಕೊಂಡಿತ್ತು. ಇಂಥ ತಪ್ಪನ್ನು ಕಂಪ್ಯೂಟರ್ ತಜ್ಞರು ಇವತ್ತಿಗೂ ‘ಸ್ಕಂತೋರ್ಪ್ ಸಮಸ್ಯೆ’ ಎಂದೇ ಕರೆಯುತ್ತಾರೆ.

ಈಗ ನಮ್ಮ ಮಂಡ್ಯ ಜಿಲ್ಲೆಯ ಯಾವುದಾದರೂ ಪ್ರೌಢಶಾಲೆಯ ಹಾಜರಿ ಪುಸ್ತಕ ತೆಗೆಯೋಣ. ರಕ್ಷಿತಾ, ಹರ್ಷಿತಾ, ಅಕ್ಷಿತಾ, ದೀಕ್ಷಿತ್, ನಿಶಿತಾ. ಪ್ರತಿ ತರಗತಿಯಲ್ಲೂ ಇಂಥ ಒಂದಾದರೂ ಹೆಸರು ಇದ್ದೇ ಇರುತ್ತದೆ. ಕನ್ನಡದಲ್ಲಿ ಬರೆದರೆ ಯಾವ ತೊಂದರೆಯೂ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಎಸ್, ಎಚ್, ಐ, ಟಿ ಎಂಬ ನಾಲ್ಕು ಅಕ್ಷರ ಸಾಲಾಗಿ ಕೂರುತ್ತವೆ, ಮಲಕ್ಕೆ ಇಂಗ್ಲಿಷಿನವರು ಹೇಳುವ ಒರಟು ಪದ ಆಗುತ್ತದೆ. ತುಂಡು ಹುಡುಕುವ ಜರಡಿಯಲ್ಲಿ ಇವರೆಲ್ಲರೂ ಸಿಕ್ಕಿಬೀಳುತ್ತಾರೆ. ಪಕ್ಕದ ಹಾಸನ ಜಿಲ್ಲೆಯದೂ ಇದೇ ಪಾಡು: ಅದರ ಇಂಗ್ಲಿಷ್ ಕಾಗುಣಿತದ ನಡುವೆ ಎ ಮತ್ತು ಎರಡು ಎಸ್ ಇವೆ. ಹೆಸರಷ್ಟೇ ಏಕೆ, ವಿಳಾಸವೂ ಹಾಗೇ. ಕೃಷ್ಣರಾಜಸಾಗರದ ನೀರನ್ನು ಈ ಸೀಮೆಗೆ ತಂದ ವಿಶ್ವೇಶ್ವರಯ್ಯ ನಾಲೆಯನ್ನು ಇಂಗ್ಲಿಷಿನಲ್ಲಿ ಪೂರ್ತಿ ಬರೆಯಿರಿ. ನಾಲೆಗೆ ಇಂಗ್ಲಿಷಿನವರು ಹೇಳುವ ಪದದ ಮೊದಲ ಅಕ್ಷರ ಬಿಟ್ಟರೆ ಉಳಿಯುವುದು ಪಟ್ಟಿಯಲ್ಲಿರುವ ಇನ್ನೊಂದು ಪದ. ನಾಲೆ ಏರಿಯ ಪಕ್ಕದ ಮನೆಯವರು ವಿಳಾಸ ಕೊಡುವುದು ಹೇಗೆ?

ಇಡೀ ಪದವನ್ನೇ ನೋಡುವ ಹಾಗೆ ತಿದ್ದಿದರೆ ಆಯಿತಲ್ಲ ಎಂದು ಎಂಜಿನಿಯರುಗಳು ಹೇಳುತ್ತಾರೆ. ರಕ್ಷಿತಾಳ ಮಟ್ಟಿಗೆ ಆಯಿತು, ಒಪ್ಪುತ್ತೇನೆ. ಆದರೆ ಬೈಯುವವರು ಜಾಣರು. ಅಕ್ಷರವನ್ನು ಎಳೆದು ಎರಡು ಮೂರು ಸಲ ಬರೆಯುತ್ತಾರೆ, ಒಂದಕ್ಷರ ಬದಲಿಸುತ್ತಾರೆ. ಅವರನ್ನು ಹಿಡಿಯಲೆಂದು ಜರಡಿಯನ್ನು ಇನ್ನೂ ಸಣ್ಣದು ಮಾಡುತ್ತಾರೆ: ಸಾಲಾಗಿ ಮರುಕಳಿಸುವ ಅಕ್ಷರಗಳನ್ನು ಒಂದಾಗಿಸು, ಒಂದಕ್ಷರ ಆಚೀಚೆಯಾದರೂ ಹಿಡಿ ಎಂದು ಅದಕ್ಕೆ ಕಲಿಸುತ್ತಾರೆ. ಆಗ ನಮ್ಮ ಹಿರಿಯರ ಸರದಿ ಬರುತ್ತದೆ. ನಿಂಗಮ್ಮ, ನಿಂಗರಾಜು ಎಂಬ ಹೆಸರಿಲ್ಲದ ಊರು ಮಂಡ್ಯ ಸೀಮೆಯಲ್ಲಿ ಉಂಟೆ? ಆ ‘ನಿಂಗ’ಕ್ಕೂ ಅಮೆರಿಕದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಪುಟ್ಟಮ್ಮ, ಪುಟ್ಟರಾಜು, ಪುಟ್ಟಸ್ವಾಮಿ ಹೆಸರಿನ ಎರಡು ಟಿ ಒಂದಾದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹೆಂಗಸರನ್ನು ಬೈಯುವ ಪದ ಮೂಡುತ್ತದೆ. ಪುಟ್ಟಸ್ವಾಮಿ ಎಂಬ ಹೆಸರಿನ ತೂಕ ನೋಡಿ: 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದೇಶದ ಪ್ರತಿಯೊಬ್ಬ ಪ್ರಜೆಯ ಮಾನ ಕಾಯುವ ತೀರ್ಪಿಗೆ ಹೆಸರು ಕೊಟ್ಟವರನ್ನೇ ತಡೆಯುವ ಯಂತ್ರವನ್ನು ಬುದ್ಧಿವಂತ ಯಂತ್ರ ಎನ್ನಲಾರೆ.

ಹಾಗಾದರೆ ಕನ್ನಡದಲ್ಲೇ ಪಟ್ಟಿ ಮಾಡಿದರೆ ಸರಿಹೋದೀತೆ? ಇನ್ನೂ ಕಷ್ಟ. ಹುಚ್ಚ, ಕುಳ್ಳ, ಕರಿಯ, ತಿಪ್ಪೆ: ಇವು ಯಾವ ಪಟ್ಟಿಗಾದರೂ ಸೇರಬಹುದಾದ ಪದಗಳು. ಹುಚ್ಚೇಗೌಡ, ಹುಚ್ಚಮ್ಮ, ಕುಳ್ಳೇಗೌಡ, ಕರಿಯಪ್ಪ, ತಿಪ್ಪೇಗೌಡ ಎಲ್ಲಿಗೆ ಹೋಗಬೇಕು? ಈ ಹೆಸರುಗಳ ಹಿಂದೆ ಏನಿದೆ ಎಂದು ಇಲ್ಲಿರುವ ಅಜ್ಜಿಯರಿಗೆ ಗೊತ್ತು. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡ ಮನೆಯಲ್ಲಿ ಮತ್ತೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪ’ ಎಂದು ಕರೆಯುತ್ತಿದ್ದರು. ಯಮನಿಗೂ ಬೇಡವೆನಿಸಲಿ, ಕೆಟ್ಟ ಕಣ್ಣು ಬೀಳದಿರಲಿ ಎಂದು ‘ಗುಂಡ’, ‘ಹುಚ್ಚ’ ಎಂದು ಕೂಗುತ್ತಿದ್ದರು. ಕೂಸು ಉಳಿಯಲಿ ಎಂಬ ಹಂಬಲ ಅಷ್ಟು ದೊಡ್ಡದು. ನನ್ನ ಮಟ್ಟಿಗೆ ಭಾಷೆಯಲ್ಲಿ ಇದಕ್ಕಿಂತ ಪ್ರೀತಿಯ ಹೆಸರುಗಳಿಲ್ಲ. ಮಂಡ್ಯದ ಮಾತೂ ಹಾಗೇ ಅಲ್ಲವೆ? ಎಷ್ಟೋ ದಿನದ ಮೇಲೆ ಸಿಕ್ಕ ಗೆಳೆಯನನ್ನು ‘ಎಲ್ಲೋ ಹಾಳಾಗೋಗಿದ್ದೆ ಬಡ್ಡಿಮಗ್ನೆ’ ಎಂದು ತಬ್ಬಿಕೊಳ್ಳುವವರು ನಾವು.

ಇನ್ನೂ ಗಂಭೀರವಾದ ಒಂದು ವಿಷಯ ಇದೆ, ಇದನ್ನು ಎಚ್ಚರದಿಂದ ಹೇಳುತ್ತೇನೆ. ಹೊಲೆಯ, ಮಾದಿಗ ಎಂಬ ಹೆಸರುಗಳು ಪರಿಶಿಷ್ಟ ಜಾತಿಗಳ ಅಧಿಕೃತ ಪಟ್ಟಿಯಲ್ಲಿವೆ, ಜಾತಿ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತವೆ. ಇದೇ ಪದಗಳನ್ನು ಅವಮಾನ ಮಾಡಲೆಂದು ನಾಲ್ಕು ಜನರೆದುರು ಆಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆಗಲೇಬೇಕು. ಆದರೆ 1975ರಲ್ಲಿ ದಲಿತ ಕವಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಕವನ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟಾಗ ಕನ್ನಡ ಕಾವ್ಯದ ದಿಕ್ಕೇ ಬದಲಾಯಿತು. ಯಾರು ಆಡಿದರು, ಯಾರಿಗೆ, ಯಾಕೆ ಎಂಬುದನ್ನು ಕೇಳದ ಪಟ್ಟಿಗೆ ಜಾತಿ ನಿಂದನೆಯೂ ಆ ಪುಸ್ತಕವೂ ಒಂದೇ. ಕೊನೆಗೆ ಯಾರ ಹೆಸರನ್ನು ಲೋಕ ಬೈಗುಳವಾಗಿ ಬಳಸಿತೋ ಅವರಿಗೇ ತಮ್ಮ ಹೆಸರು ಹೇಳಿಕೊಳ್ಳಲು ಜಾಗ ಇಲ್ಲದಂತಾಗುತ್ತದೆ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಜನಪದ ಕಾವ್ಯದ ನಾಯಕ ಮಂಟೇಸ್ವಾಮಿಯ ಪರಂಪರೆಯ ದೊಡ್ಡ ನೆಲೆ. ಆ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಮೀಟಿ ಹಾಡುವ ಆ ಕಾವ್ಯದಲ್ಲಿ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಎಲ್ಲರೂ ಅಸಹ್ಯಪಡುವ ರೂಪದಲ್ಲಿ. ಬಾಗಿಲು ಕಾಯುವವರು ಮೇಲಿನ ರೂಪವನ್ನಷ್ಟೇ ನೋಡಿ ತಡೆಯುತ್ತಾರೆ. ಬಂದವನು ಯಾರೆಂದು ಬಸವಣ್ಣ ಅರಿಯುವ ತನಕ ಕಲ್ಯಾಣದ ಪರೀಕ್ಷೆ ಮುಗಿಯುವುದಿಲ್ಲ. ಈ ಕಥೆಯನ್ನು ತಲೆಮಾರುಗಳಿಂದ ಕೇಳಿದ ಜಿಲ್ಲೆಗೆ ಹೊರರೂಪ ನೋಡಿ ತಡೆಯುವ ಯಂತ್ರದ ದೋಷವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅರ್ಜಿ ನಿಂತಾಗ ಏನಾಗುತ್ತದೆ ನೋಡಿ. ಸೈಬರ್ ಸೆಂಟರಿನ ಹುಡುಗನ ಮುಂದೆ ಸಾಲು ಇರುತ್ತದೆ, ಕೊನೆಯ ದಿನ ಹತ್ತಿರ ಬಂದಿರುತ್ತದೆ. ಅವನು ಒಂದಕ್ಷರ ಸೇರಿಸಿಯೋ ತೆಗೆದೋ ಅರ್ಜಿಯನ್ನು ದಾಟಿಸುತ್ತಾನೆ. ಹುಡುಗಿ ನಿಟ್ಟುಸಿರು ಬಿಟ್ಟು ಊರಿಗೆ ಹೋಗುತ್ತಾಳೆ. ಆಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಎಲ್ಲವೂ ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಬೇಕು, ನೋಟರಿ ಹತ್ತಿರ ಹೋಗಬೇಕು. ಕೂಲಿ ಬಿಟ್ಟು ಅಲೆಯಬೇಕಾದವರು ಅವಳ ಅಪ್ಪ ಅಮ್ಮ. 2021ರಲ್ಲಿ ಸುಪ್ರೀಂ ಕೋರ್ಟು ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ ಹೆಸರು ವ್ಯಕ್ತಿತ್ವದ ಅವಿಭಾಜ್ಯ ಭಾಗವೆಂದು ಒಪ್ಪಿ, ಅದಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದಿತು. ಆ ಮಾತು ಪೋರ್ಟಲ್ಲುಗಳಿಗೂ ಅನ್ವಯಿಸಬೇಕು.

ಯಂತ್ರವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಹೆಣ್ಣುಮಕ್ಕಳ ಮೇಲೆ ಮೊಬೈಲಿನಲ್ಲಿ ಸುರಿಯುವ ಹೊಲಸು ಬೈಗುಳವನ್ನು ತಡೆಯಲು ಜರಡಿ ಬೇಕೇ ಬೇಕು. ಅದರ ಜಾಗ ಬೇರೆ. ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವ ಸರಿಯಾದ ದಾರಿ ಯಾವುದೆಂದು ಈ ಜಿಲ್ಲೆಯೇ ತೋರಿಸಿದೆ. ಪಹಣಿಯನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯನ್ನು ಪ್ರಯೋಗಿಸಿ ನೋಡಿದ್ದು ಮದ್ದೂರು ತಾಲ್ಲೂಕಿನಲ್ಲಿ. ಮುಂದೆ ಅದು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳಿಗೆ ಹಬ್ಬಿತು. ಹೆಸರುಗಳು ಕನ್ನಡದಲ್ಲೇ ಟೈಪಾದವು. ಅಚ್ಚಾಗಿ ಬಂದ ಹಾಳೆಯನ್ನು ಗ್ರಾಮ ಲೆಕ್ಕಿಗರು ಕೈಬರಹದ ದಾಖಲೆಯ ಜೊತೆ ತಾಳೆ ನೋಡಿದರು. ತಪ್ಪುಗಳೂ ಆದವು, ತಿದ್ದಿಸಲು ರೈತರು ಅಲೆದದ್ದೂ ಉಂಟು. ಆದರೂ ತಿಪ್ಪೇಗೌಡನ ಹೆಸರನ್ನು ನೋಡಿದ ಲೆಕ್ಕಿಗರಿಗೆ ಅದು ಹೆಸರೆಂದು ಗೊತ್ತಿತ್ತು.

ಅದಕ್ಕೇ ನನ್ನ ಕೋರಿಕೆ ಇಷ್ಟು. ಸರ್ಕಾರದ, ವಿಶ್ವವಿದ್ಯಾಲಯದ, ಬ್ಯಾಂಕಿನ ಯಾವ ಅರ್ಜಿಯಲ್ಲೂ ಹೆಸರಿನ ಕಾಲಂಗೆ ಬೈಗುಳದ ಪಟ್ಟಿ ಹಾಕಬೇಡಿ. ಅನುಮಾನ ಬಂದರೆ ಅರ್ಜಿಯನ್ನು ಮೊದಲು ಸ್ವೀಕರಿಸಿ, ಆಮೇಲೆ ಕನ್ನಡ ಬಲ್ಲ ಮನುಷ್ಯರೊಬ್ಬರು ನೋಡಲಿ. ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು: ನೀವು ನಾಳೆ ಇಂಥ ಫಾರಂಗಳನ್ನು ಬರೆಯುವವರು. ಬರೆದ ಮೇಲೆ ನಿಮ್ಮ ಊರಿನ ಹತ್ತಾರು ಹೆಸರುಗಳನ್ನು, ಅಜ್ಜ ಅಜ್ಜಿಯರ ಹೆಸರುಗಳನ್ನು, ಅದರಲ್ಲಿ ಹಾಕಿ ನೋಡಿ. ಒಂದು ಹೆಸರು ತಡೆದು ನಿಂತರೂ ಆ ಫಾರಂ ಅನ್ನು ಜನರ ಮುಂದೆ ಇಡಬೇಡಿ.